‘ಇದೆ’ ಅಂದರೆ ಎಲ್ಲಿ ಇದೆ?

ಯಾವುದೇ ದಿನದ ಪತ್ರಿಕೆ ಬಿಡಿಸಿ ನೋಡಿ. ಮೊದಲ ಪುಟದಲ್ಲಿ ಮಂತ್ರಿಯೊಬ್ಬರು ‘ಕೊರತೆ ಇಲ್ಲವೇ ಇಲ್ಲ’ ಅಂದಿರುತ್ತಾರೆ. ಒಳಪುಟದಲ್ಲಿ ಯಾವುದೋ ಪಕ್ಷ ‘ಅಸ್ತಿತ್ವ ಉಳಿಸಿಕೊಳ್ಳಲು’ ಹೆಣಗುತ್ತಿರುತ್ತದೆ. ವಿದೇಶದ ಸುದ್ದಿಯಲ್ಲಿ ಒಂದು ದೇಶ, ಪಕ್ಕದ ನೆಲದಲ್ಲಿರುವುದು ದೇಶವೇ ಅಲ್ಲ ಎಂದು ವಾದಿಸುತ್ತಿರುತ್ತದೆ. ಸಂಪಾದಕೀಯದಲ್ಲಿ ‘ಕಾನೂನು ಇದೆ, ಜಾರಿ ಇಲ್ಲ’ ಎಂಬ ಹಳೇ ದೂರು. ನಾಲ್ಕೂ ಕಡೆ ಕೆಲಸ ಮಾಡುತ್ತಿರುವುದು ಒಂದೇ ಪುಟ್ಟ ಮಾತು: ‘ಇರು’.

ಓದುವಾಗ ನಾವು ಅದನ್ನು ಗಮನಿಸುವುದಿಲ್ಲ. ‘ಸಾರ್ವಭೌಮತ್ವ’ ತರಹದ ದಪ್ಪ ಪದ ಬಂದರೆ ಒಂದು ಕ್ಷಣ ನಿಲ್ಲುತ್ತೇವೆ. ‘ಇದೆ’, ‘ಇಲ್ಲ’ ಬಂದರೆ ಕಣ್ಣು ಹಾಗೇ ಮುಂದಕ್ಕೆ ಜಾರುತ್ತದೆ. ಎಷ್ಟೋ ಸಲ ನಿಜವಾದ ಜಗಳ ಇರುವುದು ಅಲ್ಲೇ.

ಮೊದಲು ಪದಗಳು

‘ಅಸ್ತಿತ್ವ’ ಸಂಸ್ಕೃತದ ‘ಅಸ್ತಿ’ಯಿಂದ ಬಂದದ್ದು. ‘ಅಸ್ತಿ’ ಅಂದರೆ ‘ಇದೆ’. ದೇವರು ಇದ್ದಾನೆ ಅನ್ನುವವನು ಆಸ್ತಿಕ, ಇಲ್ಲ ಅನ್ನುವವನು ನಾಸ್ತಿಕ, ಎರಡರಲ್ಲೂ ಇರುವುದು ಅದೇ ಪದ. ಕನ್ನಡದ್ದೇ ಬೇಕೆಂದರೆ ‘ಇರವು’ ಇದೆ, ‘ಇರುವಿಕೆ’ ಇದೆ. ಆದರೆ ಸುದ್ದಿ ಬರೆಯುವವರಿಗೆ ಅಸ್ತಿತ್ವದ ಮೇಲೆ ಒಂದು ಕೈ ಪ್ರೀತಿ ಜಾಸ್ತಿ. ‘ಈಗಿರುವ ನಿಯಮ’ ಅಂದರೆ ಮುಗಿಯುವ ಕಡೆ ‘ಪ್ರಸ್ತುತ ಅಸ್ತಿತ್ವದಲ್ಲಿರುವ ನಿಯಮ’ ಅಂತ ಬರೆಯುತ್ತಾರೆ. ಅರ್ಥ ಒಂದೇ, ಭಾರ ಮಾತ್ರ ಹೆಚ್ಚು.

ಕನ್ನಡದ ‘ಇದೆ’ಗೆ ಇನ್ನೊಂದು ಗುಣ ಉಂಟು. ‘ನನಗೆ ಹಕ್ಕಿದೆ’ ಅನ್ನುವಾಗ ಹಕ್ಕು ಎಂಬುದೊಂದು ಲೋಕದಲ್ಲಿ ಇದೆ ಅಂತಲೂ ಆಯಿತು, ಅದು ನನ್ನ ಕೈಲಿದೆ ಅಂತಲೂ ಆಯಿತು. ಎರಡಕ್ಕೂ ಒಂದೇ ಕ್ರಿಯಾಪದ. ಹಾಗಾಗಿ ‘ಜನರಿಗೆ ಹಕ್ಕಿದೆ’ ಎಂದು ಓದಿದಾಗ, ಅದು ಬರೀ ಪುಸ್ತಕದಲ್ಲಿದೆಯೋ ಜನರ ಕೈಗೂ ಸಿಕ್ಕಿದೆಯೋ ವಾಕ್ಯದಿಂದ ಗೊತ್ತಾಗುವುದಿಲ್ಲ.

ಮನೆಯಲ್ಲಿ ಈ ತೊಂದರೆ ಬರುವುದಿಲ್ಲ. ‘ಕತ್ತರಿ ಇದೆಯಾ?’ ಅಂತ ಒಬ್ಬರು ಕೇಳುತ್ತಾರೆ. ‘ಇದೆ’ ಅಂದ ತಕ್ಷಣ ಮುಂದಿನ ಪ್ರಶ್ನೆ ‘ಎಲ್ಲಿ?’ ಅಂತಲೇ ಬರುತ್ತದೆ. ಸಾರ್ವಜನಿಕ ವಿಷಯಗಳ ಬರಹದಲ್ಲಿ ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಬೇರೆ ಬೇರೆ ಬರುತ್ತದೆ: ಕಾಗದದಲ್ಲಿದೆ, ನೆಲದ ಮೇಲಿದೆ, ಲೆಕ್ಕದಲ್ಲಿದೆ, ಬೇರೆಯವರ ಒಪ್ಪಿಗೆಯಲ್ಲಿದೆ. ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಇರಬೇಕೆಂದೇನಿಲ್ಲ.

ಕಾಗದದಲ್ಲಿ ಇದೆ

ಕಾನೂನು ‘ಅಸ್ತಿತ್ವಕ್ಕೆ ಬಂತು’ ಅನ್ನುವುದು ಒಂದು ದಿನದ ಘಟನೆಯಂತೆ ಕೇಳಿಸುತ್ತದೆ. ನಿಜದಲ್ಲಿ ಅದಕ್ಕೆ ಮೂರು ಹುಟ್ಟುಹಬ್ಬ ಇರಬಹುದು. ಶಾಸನಸಭೆ ಒಪ್ಪಿದ ದಿನ, ಅಂಕಿತ ಬಿದ್ದ ದಿನ, ಜಾರಿಗೆ ಬಂದ ದಿನ. ಭಾರತದ ಸಂವಿಧಾನವನ್ನೇ ನೋಡಿ. ಅಂಗೀಕಾರವಾದದ್ದು 1949ರ ನವೆಂಬರ್ 26ರಂದು, ಪೂರ್ತಿ ಜಾರಿಗೆ ಬಂದದ್ದು 1950ರ ಜನವರಿ 26ರಂದು.

ಇಲ್ಲಿ ಅಂತರ ಎರಡೇ ತಿಂಗಳು. ಕೆಲವು ಸಲ ಆ ಮೂರನೇ ದಿನ ಬರುವುದೇ ಇಲ್ಲ. ದೆಹಲಿಯ ಬಾಡಿಗೆ ಮನೆಗಳಿಗಾಗಿ 1995ರಲ್ಲಿ ಒಂದು ಕಾಯ್ದೆ ಆಯಿತು. ಸಂಸತ್ತು ಒಪ್ಪಿತು, ರಾಷ್ಟ್ರಪತಿಯ ಅಂಕಿತವೂ ಬಿತ್ತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಡಲಿಲ್ಲ. ಬಾಡಿಗೆಯ ಜಗಳಗಳು 1958ರ ಹಳೆಯ ಕಾಯ್ದೆಯಲ್ಲೇ ನಡೆದವು. ‘ಅಂಥ ಕಾನೂನು ಇದೆಯಾ?’ ಅಂದರೆ ಇದೆ ಅನ್ನಬೇಕು, ಇಲ್ಲ ಅಂತಲೂ ಅನ್ನಬೇಕು.

ಕೆಲವು ಕಾನೂನಿಗೆ ಷರತ್ತು ಅಂಟಿಕೊಂಡೇ ಇರುತ್ತದೆ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಸ್ಥಾನ ಮೀಸಲಿಡುವ 106ನೇ ತಿದ್ದುಪಡಿ ಪಾಸಾದದ್ದು 2023ರಲ್ಲಿ. ಆದರೆ ಮುಂದಿನ ಜನಗಣತಿ ಆಗಬೇಕು, ಕ್ಷೇತ್ರಗಳನ್ನು ಮತ್ತೆ ವಿಂಗಡಿಸಬೇಕು, ಆಮೇಲೆ ಮೀಸಲಾತಿ ಎಂದು ಅದರಲ್ಲೇ ಬರೆದಿತ್ತು. ಹಾಗಾಗಿ 2024ರ ಲೋಕಸಭೆ ಚುನಾವಣೆ ಅದಿಲ್ಲದೆಯೇ ನಡೆಯಿತು. ತಿದ್ದುಪಡಿ ಇತ್ತು, ಮೀಸಲಾತಿ ಇರಲಿಲ್ಲ.

ಇದರ ಉಲ್ಟಾ ಕಥೆ ಇನ್ನೂ ವಿಚಿತ್ರ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಎ ಎಂಬ ಸೆಕ್ಷನ್ ಇತ್ತು. ಅಂತರ್ಜಾಲದಲ್ಲಿ ‘ಆಕ್ಷೇಪಾರ್ಹ’ ಸಂದೇಶ ಹಾಕಿದರೆ ಜೈಲಿಗೆ ಕಳಿಸಬಹುದಾಗಿತ್ತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಲ್ಲಿಗೆ ಅದರ ಕಥೆ ಮುಗಿಯಬೇಕಿತ್ತು, ಅಲ್ವಾ? ಆರು ವರ್ಷ ಕಳೆದ ಮೇಲೂ ಠಾಣೆಗಳಲ್ಲಿ ಅದೇ ಸೆಕ್ಷನ್ ಹಾಕಿ ಕೇಸು ದಾಖಲಾಗುತ್ತಿವೆ ಎಂಬ ದೂರು 2021ರಲ್ಲಿ ಅದೇ ಕೋರ್ಟಿನ ಮುಂದೆ ಬಂತು. ನ್ಯಾಯಮೂರ್ತಿಗಳು ಇದು ಆಘಾತಕಾರಿ ಅಂದರು. ಆಗ ಕೇಂದ್ರ ಸರ್ಕಾರದ ವಕೀಲರಾದ ಅಟಾರ್ನಿ ಜನರಲ್ ಕೊಟ್ಟ ವಿವರಣೆಯಲ್ಲಿ ಇಡೀ ವಿಷಯ ಇದೆ. ಅಚ್ಚಾದ ಕಾಯ್ದೆ ಪುಸ್ತಕದಲ್ಲಿ ಆ ಸೆಕ್ಷನ್ ಹಾಗೇ ಉಳಿದಿದೆ, ರದ್ದಾಗಿದೆ ಎಂಬ ಮಾತು ಪುಟದ ಕೆಳಗಿನ ಅಡಿಟಿಪ್ಪಣಿಯಲ್ಲಿದೆ. ಪೊಲೀಸರು ಪುಟದ ಮೇಲ್ಭಾಗ ನೋಡಿ ಕೇಸು ಬರೆದುಕೊಂಡರು. ಸಣ್ಣ ಅಕ್ಷರವನ್ನು ಯಾರು ಓದುತ್ತಾರೆ ಹೇಳಿ! ಕಾನೂನಿನ ಪ್ರಕಾರ ಸತ್ತ ಸೆಕ್ಷನ್, ಅದರಡಿ ಠಾಣೆ ಮೆಟ್ಟಿಲು ಹತ್ತಿದವನ ಪಾಲಿಗೆ ಚೆನ್ನಾಗಿಯೇ ಬದುಕಿತ್ತು.

‘ಇಲ್ಲ’ ಮತ್ತು ‘ಅಲ್ಲ’

ಕನ್ನಡದಲ್ಲಿ ಇಲ್ಲ ಅನ್ನುವುದಕ್ಕೆ ಎರಡು ಮಾತಿವೆ. ವಸ್ತುವೇ ಇರದಿದ್ದರೆ ‘ಇಲ್ಲ’. ವಸ್ತು ಇದೆ, ಆದರೆ ನೀವು ಹೇಳಿದ ಹೆಸರು ಅದಕ್ಕೆ ಹೊಂದದು ಎಂದರೆ ‘ಅಲ್ಲ’. ‘ಹಾವು ಇಲ್ಲ’ ಅಂದರೆ ನೆಲ ಖಾಲಿ. ‘ಅದು ಹಾವಲ್ಲ’ ಅಂದರೆ ನೆಲದ ಮೇಲೆ ಏನೋ ಬಿದ್ದಿದೆ, ಹಗ್ಗವೋ ಬಳ್ಳಿಯೋ ನೋಡಬೇಕು. ಮಗುವಿಗೂ ಈ ವ್ಯತ್ಯಾಸ ಗೊತ್ತು.

ಅಧಿಕೃತ ಹೇಳಿಕೆಗಳನ್ನು ಓದುವಾಗ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಅಲ್ಲಿ ‘ಅಲ್ಲ’ ಅನ್ನಬೇಕಾದ ಕಡೆ ‘ಇಲ್ಲ’ ಅನ್ನುವುದು ಮಾಮೂಲಿ. ‘ಬಿಕ್ಕಟ್ಟು ಇಲ್ಲ’ ಎಂಬ ಮಾತಿನ ಒಳಗೆ, ‘ಏನೋ ನಡೆಯುತ್ತಿದೆ, ನಾವು ಅದನ್ನು ಬಿಕ್ಕಟ್ಟು ಅನ್ನುವುದಿಲ್ಲ’ ಎಂಬ ಮಾತು ಅಡಗಿರಬಹುದು.

ಹೆಸರಿನ ಮೇಲೆ ಇಷ್ಟು ಜಗಳ ಯಾಕೆ? ಕೆಲವು ಹೆಸರುಗಳ ಹಿಂದೆ ಜವಾಬ್ದಾರಿ ಬರುತ್ತದೆ, ಅದಕ್ಕೆ. 1948ರ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ನರಮೇಧವನ್ನು ತಡೆಯುವುದಾಗಿ, ಶಿಕ್ಷಿಸುವುದಾಗಿ ಮಾತು ಕೊಟ್ಟಿವೆ. 1994ರಲ್ಲಿ ರುವಾಂಡಾದಲ್ಲಿ ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜನರನ್ನು ಕೊಂದು ಹಾಕಿದರು. ಹೆಚ್ಚಿನವರು ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರು. ಆಗ ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರರು ‘ನರಮೇಧ ನಡೆದಿದೆ’ ಎಂಬ ಮಾತು ಬಾಯಿಗೆ ಬಾರದಂತೆ ನೋಡಿಕೊಂಡು ‘ನರಮೇಧದ ಕೃತ್ಯಗಳು’ ನಡೆದಿವೆ ಅನ್ನುತ್ತಿದ್ದರು. ಜೂನ್ 10ರಂದು ಒಬ್ಬ ವರದಿಗಾರ ಕೇಳಿಯೇ ಬಿಟ್ಟರು: ಅಂಥ ಎಷ್ಟು ಕೃತ್ಯಗಳು ಸೇರಿದರೆ ಒಂದು ನರಮೇಧ ಆಗುತ್ತದೆ? ಉತ್ತರ ಸಿಗಲಿಲ್ಲ. ಹೆಣಗಳು ಇಲ್ಲ ಎಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಎಲ್ಲ ಮಾತೂ ‘ಅಲ್ಲ’ದ ಸುತ್ತಲೇ ಇತ್ತು.

ಕ್ಷಾಮದ ವಿಷಯ ಇದರಷ್ಟು ಕುತಂತ್ರದ್ದಲ್ಲ, ಆದರೆ ಓದುಗರು ಎಡವುವುದು ಇಲ್ಲಿ ಜಾಸ್ತಿ. ಆಹಾರದ ಕೊರತೆಯನ್ನು ಅಳೆಯಲು ಜಗತ್ತಿನ ನೆರವು ಸಂಸ್ಥೆಗಳು ಐದು ಹಂತದ ಅಳತೆಯೊಂದನ್ನು ಬಳಸುತ್ತವೆ. ಐದನೆಯ ಹಂತಕ್ಕೆ ಮಾತ್ರ ಕ್ಷಾಮ ಎಂಬ ಹೆಸರು. ಅದಕ್ಕೆ ಮೂರು ಗೆರೆ ದಾಟಬೇಕು. 100ಕ್ಕೆ 20 ಮನೆಗಳಲ್ಲಿ ಊಟಕ್ಕೆ ತೀರಾ ಗತಿ ಇರಬಾರದು. 100ಕ್ಕೆ 30 ಮಕ್ಕಳು ತೀವ್ರ ಅಪೌಷ್ಟಿಕತೆಯಿಂದ ಬಳಲುತ್ತಿರಬೇಕು. ದಿನಕ್ಕೆ 10,000 ಜನರಲ್ಲಿ ಇಬ್ಬರು ಹಸಿವಿನಿಂದಲೋ, ಹಸಿವಿನ ಜೊತೆ ಬಂದ ಕಾಯಿಲೆಯಿಂದಲೋ ಸಾಯುತ್ತಿರಬೇಕು. ‘ಅಲ್ಲಿ ಕ್ಷಾಮ ಇಲ್ಲ’ ಎಂದು ಓದಿದರೆ ಎಲ್ಲರಿಗೂ ಊಟ ಸಿಗುತ್ತಿದೆ ಎಂದಲ್ಲ. ನಾಲ್ಕನೇ ಹಂತದಲ್ಲೂ ಜನ ಸಾಯುತ್ತಾರೆ. ಸೊಮಾಲಿಯಾದಲ್ಲಿ ಕ್ಷಾಮ ಇದೆ ಎಂದು ವಿಶ್ವಸಂಸ್ಥೆ ಘೋಷಿಸಿದ್ದು 2011ರ ಜುಲೈ 20ರಂದು. ಹಸಿವಿಗೆ ಆ ತಾರೀಕು ಗೊತ್ತಿರಲಿಲ್ಲ. ಎಷ್ಟೋ ಜನ ಅದಕ್ಕೆ ಮೊದಲೇ ತೀರಿಕೊಂಡಿದ್ದರು.

ಲೆಕ್ಕದಲ್ಲಿ ಇದೆ

ಸರ್ಕಾರಗಳು ಜಗತ್ತನ್ನು ನೋಡುವುದು ರಿಜಿಸ್ಟರುಗಳ ಕಿಟಕಿಯಿಂದ. ತರಗತಿಯ ಹಾಜರಿ ಪುಸ್ತಕದ ಹಾಗೆ. ಹುಡುಗ ಬೆಂಚಿನ ಮೇಲೆ ಕೂತಿದ್ದಾನೆ, ಪುಸ್ತಕದಲ್ಲಿ ಹೆಸರಿಲ್ಲ ಅಂದರೆ ಅವನು ಬಂದಂತೆ ಆಗಲಿಲ್ಲ.

ಗೆರೆ ಎಳೆಯುವ ಜಾಗ ಬದಲಾದರೂ ಸಾಕು, ಜನ ಲೆಕ್ಕದೊಳಗೆ ಬರುತ್ತಾರೆ, ಹೊರಗೆ ಹೋಗುತ್ತಾರೆ. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ಗೆರೆಯನ್ನು ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಏರಿಸಿತು. ಜಗತ್ತಿನ ಕಡುಬಡವರ ಲೆಕ್ಕಕ್ಕೆ 12 ಕೋಟಿಗೂ ಹೆಚ್ಚು ಜನ ಸೇರಿಕೊಂಡರು. ಹಿಂದಿನ ರಾತ್ರಿ ಮಲಗಿದ್ದಕ್ಕಿಂತ ಬಡವರಾಗಿ ಅವರ್‍ಯಾರೂ ಬೆಳಿಗ್ಗೆ ಏಳಲಿಲ್ಲ. ಇದರಲ್ಲಿ ಮೋಸ ಏನೂ ಇಲ್ಲ, ಹೊಸ ಬೆಲೆಗಳಿಗೆ ತಕ್ಕಂತೆ ಅಳತೆಗೋಲನ್ನು ಸರಿ ಮಾಡಿದರು ಅಷ್ಟೇ. ಆದರೆ ಹಳೆಯ ವರ್ಷದ ಅಂಕಿ, ಹೊಸ ವರ್ಷದ ಅಂಕಿ ಪಕ್ಕಪಕ್ಕ ಇಟ್ಟು ‘ಬಡತನ ಏರಿತು’ ಎಂದು ಬರೆದರೆ ತಪ್ಪಾಗುತ್ತದೆ.

ಲೆಕ್ಕವನ್ನೇ ಇಡದಿದ್ದಾಗ ಕಥೆ ಬೇರೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು, ಅವರ ಮನೆಯವರಿಗೆ ಪರಿಹಾರ ಕೊಟ್ಟಿದ್ದೀರಾ ಎಂದು ಆ ವರ್ಷ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಕಾರ್ಮಿಕ ಸಚಿವಾಲಯದ ಉತ್ತರ: ಅಂಥ ದತ್ತಾಂಶ ಇಲ್ಲ. ಹಾಗಾಗಿ ಪರಿಹಾರದ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಈ ಎರಡು ವಾಕ್ಯಗಳ ನಡುವಿನ ಜಿಗಿತ ನೋಡಿ. ಮೊದಲನೆಯದರಲ್ಲಿ ಇಲ್ಲದಿರುವುದು ಲೆಕ್ಕ. ಎರಡನೆಯದಕ್ಕೆ ಬರುವಷ್ಟರಲ್ಲಿ ಪರಿಹಾರ ಕೊಡಬೇಕಾದ ಜನರೇ ಇಲ್ಲದಂತಾದರು. ಅದೇ ವಾರ ರೈಲ್ವೆ ಸಚಿವರು ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ, ಈ ಕಾರ್ಮಿಕರಿಗಾಗಿ ಬಿಟ್ಟ ಶ್ರಮಿಕ್ ವಿಶೇಷ ರೈಲುಗಳಲ್ಲಿ ಪ್ರಯಾಣ ಮಾಡುವಾಗ 97 ಜನ ಸತ್ತಿದ್ದಾರೆ ಎಂಬ ಅಂಕಿ ಇತ್ತು. ಒಂದು ಇಲಾಖೆಯ ಕಡತದಲ್ಲಿ ಇಲ್ಲದ್ದು ಇನ್ನೊಂದರ ಕಡತದಲ್ಲಿ ಸ್ವಲ್ಪ ಇತ್ತು.

ಲೆಕ್ಕದಿಂದ ಹೊರಗಿರುವವರು ಜಗತ್ತಿನ ತುಂಬ ಇದ್ದಾರೆ. ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಜನನ ನೋಂದಣಿಯೇ ಆಗಿಲ್ಲ ಎಂದು ಯುನಿಸೆಫ್ 2024ರಲ್ಲಿ ಹೇಳಿತು. ಶಾಲೆ, ಪಾಸ್‌ಪೋರ್ಟ್, ಮುಂದೊಂದು ದಿನ ಮತದಾನ, ಎಲ್ಲ ಕಡೆಯೂ ಆ ಮಕ್ಕಳು ತಾವು ಹುಟ್ಟಿದ್ದೇವೆ ಎಂದು ಮೊದಲು ಸಾಬೀತು ಮಾಡಬೇಕು.

ಒಮ್ಮೆ ಲೆಕ್ಕದಲ್ಲಿದ್ದವರೂ ಬಿಟ್ಟುಹೋಗಬಹುದು. ಉತ್ತರಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬುವರು 1970ರ ದಶಕದಲ್ಲಿ ಸಾಲಕ್ಕೆ ಅರ್ಜಿ ಹಾಕಲು ಹೋದಾಗ, ಕಂದಾಯ ದಾಖಲೆಯಲ್ಲಿ ತಾವು ಸತ್ತಿರುವುದು ಗೊತ್ತಾಯಿತು. ಜಮೀನು ನೆಂಟರ ಹೆಸರಿಗೆ ಹೋಗಿತ್ತು. ಎದುರಿಗೆ ನಿಂತ ಮನುಷ್ಯ ಒಂದು ಕಡೆ, ಕಾಗದ ಒಂದು ಕಡೆ. ಕಚೇರಿ ನಂಬಿದ್ದು ಕಾಗದವನ್ನು. ಅವರು ಹೆಸರಿನ ಮುಂದೆ ‘ಮೃತಕ’ ಎಂದು ಸೇರಿಸಿಕೊಂಡರು. ತಮ್ಮಂಥ ‘ಸತ್ತವರ’ ಸಂಘ ಕಟ್ಟಿದರು. ಚುನಾವಣೆಗೂ ನಿಂತರು, ಉಮೇದುವಾರಿಕೆ ಒಪ್ಪಿಕೊಂಡರೆ ಬದುಕಿದ್ದೇನೆ ಎಂದಾದರೂ ಒಪ್ಪಿದಂತಾಗುತ್ತದಲ್ಲ! ದಾಖಲೆಯಲ್ಲಿ ಮತ್ತೆ ಜೀವ ಬಂದದ್ದು 1994ರಲ್ಲಿ.

ಯಾರದೂ ಅಲ್ಲದ ‘ಇದೆ’

ಸುದ್ದಿಯ ಭಾಷೆಯಲ್ಲಿ ಇನ್ನೊಂದು ‘ಇದೆ’ ಓಡಾಡುತ್ತದೆ. ‘ಜನರಲ್ಲಿ ಆಕ್ರೋಶವಿದೆ’, ‘ಪಕ್ಷದೊಳಗೆ ಅಸಮಾಧಾನವಿದೆ’, ‘ಎಂಬ ಆತಂಕವಿದೆ’. ಆಕ್ರೋಶ ಯಾರದು, ಎಷ್ಟು ಜನರದು, ವರದಿಗಾರನಿಗೆ ಹೇಳಿದವರು ಯಾರು? ‘ಇಬ್ಬರು ಶಾಸಕರು ನನ್ನೆದುರು ಬೈದರು’ ಎಂದು ಬರೆದರೆ ಓದುಗ ತೂಕ ನೋಡಬಹುದು. ‘ಅಸಮಾಧಾನವಿದೆ’ ಅಂದರೆ ಅದು ಹವಾಮಾನದ ಹಾಗೆ ತಾನೇ ಕವಿದುಕೊಂಡಿದೆ ಅನ್ನಿಸುತ್ತದೆ. ಹೆಸರು ಹೇಳಲಾಗದ ಸಂದರ್ಭ ಇರುತ್ತದೆ ನಿಜ. ಸುಮ್ನೆ ವಾಕ್ಯ ತುಂಬಿಸಲು ಬರೆದದ್ದೂ ಇರುತ್ತದೆ.

ಬೇರೆಯವರ ಒಪ್ಪಿಗೆಯಲ್ಲಿ ಇದೆ

ದೇಶವೊಂದು ‘ಇದೆ’ ಎಂದು ಹೇಳಲು ಏನು ಬೇಕು? ಹೆಚ್ಚಾಗಿ ತೋರಿಸುವುದು 1933ರ ಮಾಂಟೆವಿಡಿಯೊ ಒಪ್ಪಂದವನ್ನು. ಅದರ ಪ್ರಕಾರ ನಾಲ್ಕು ಬೇಕು: ಕಾಯಂ ಜನ, ಗೊತ್ತಾದ ನೆಲ, ಒಂದು ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ. ಬೇರೆಯವರು ಒಪ್ಪಲಿ ಬಿಡಲಿ, ದೇಶದ ಇರವು ಅದರ ಮೇಲೆ ನಿಂತಿಲ್ಲ ಎಂದೂ ಒಪ್ಪಂದದಲ್ಲಿದೆ. ಆದರೆ ಒಪ್ಪಿಗೆ ಸಿಗುವವರೆಗೆ ದೇಶವೇ ಅಲ್ಲ ಅನ್ನುವ ಇನ್ನೊಂದು ವಾದವೂ ಇದೆ. ಎರಡರ ನಡುವಿನ ಹಗ್ಗಜಗ್ಗಾಟ ಮುಗಿದಿಲ್ಲ.

ಹಾಗಾಗಿ ವಿಚಿತ್ರ ನೆರೆಹೊರೆ ಹುಟ್ಟುತ್ತದೆ. ತೈವಾನಿಗೆ ಜನ, ನೆಲ, ಸರ್ಕಾರ, ಸೇನೆ, ಚುನಾವಣೆ ಎಲ್ಲ ಇದೆ. 1971ರಲ್ಲಿ ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನ ಬೀಜಿಂಗ್ ಸರ್ಕಾರಕ್ಕೆ ಹೋದ ಮೇಲೆ ಅಲ್ಲಿ ಅದಕ್ಕೆ ಕುರ್ಚಿ ಇಲ್ಲ. ಇನ್ನೊಂದು ತುದಿಯಲ್ಲಿ ಮಾಲ್ಟಾದ ಸಾರ್ವಭೌಮ ಆರ್ಡರ್ ಎಂಬ ಕ್ರೈಸ್ತ ಸಂಘಟನೆ. ದೇಶ ಎನ್ನಲು ನೆಲವೇ ಇಲ್ಲ, ಆದರೂ ನೂರಕ್ಕೂ ಹೆಚ್ಚು ದೇಶಗಳ ಜೊತೆ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿದೆ. 1940ರಲ್ಲಿ ಸೋವಿಯತ್ ಒಕ್ಕೂಟ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳನ್ನು ನುಂಗಿತು. ಅಮೆರಿಕ ಅದನ್ನು ಒಪ್ಪಲಿಲ್ಲ. ಅರ್ಧ ಶತಮಾನ ಆ ಮೂರು ದೇಶಗಳು ಭೂಪಟದಲ್ಲಿ ಇರಲಿಲ್ಲ, ವಾಷಿಂಗ್ಟನ್ನಿನ ರಾಯಭಾರಿಗಳ ಪಟ್ಟಿಯಲ್ಲಿ ಇದ್ದವು. 1991ರಲ್ಲಿ ಅವು ‘ಹೊಸದಾಗಿ ಹುಟ್ಟಿದ್ದೇವೆ’ ಅನ್ನಲಿಲ್ಲ. ‘ನಾವು ಇದ್ದೇ ಇದ್ದೆವು’ ಅಂದವು. ಪತ್ರಿಕೆಯಲ್ಲಿ ‘ಸ್ವಾತಂತ್ರ್ಯ ಪಡೆದವು’ ಮತ್ತು ‘ಸ್ವಾತಂತ್ರ್ಯ ಮರಳಿ ಪಡೆದವು’ ಎಂಬ ಎರಡು ಮಾತಿನ ನಡುವೆ ಇಷ್ಟೆಲ್ಲ ಇದೆ.

ಇಂಥ ಕಡೆ ನ್ಯಾಯಾಲಯಗಳೂ ಬಹಳ ಹುಷಾರಾಗಿ ಕಾಲಿಡುತ್ತವೆ. ಯುರೋಪಿನ ಕೊಸೊವೊ 2008ರಲ್ಲಿ ಸರ್ಬಿಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಆ ಘೋಷಣೆ ಅಂತರರಾಷ್ಟ್ರೀಯ ಕಾನೂನನ್ನು ಮುರಿದಿಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2010ರಲ್ಲಿ ಹೇಳಿತು. ಕೊಸೊವೊ ಒಂದು ದೇಶ ಹೌದೋ ಅಲ್ಲವೋ, ಅದನ್ನು ಹೇಳಲಿಲ್ಲ. ನಮ್ಮನ್ನು ಆ ಪ್ರಶ್ನೆ ಯಾರೂ ಕೇಳಿಯೇ ಇಲ್ಲ ಅಂದಿತು.

‘ಅಸ್ತಿತ್ವಕ್ಕೇ ಕುತ್ತು’

ಈ ಮಾತು ಎರಡು ತೂಕದಲ್ಲಿ ಬರುತ್ತದೆ. ಹಗುರವಾದದ್ದು ಪಕ್ಷಗಳದ್ದು. ಕೆಲವು ಸೀಟು ಕಳೆದುಕೊಂಡ ಪಕ್ಷ ಅಸ್ತಿತ್ವದ ಹೋರಾಟಕ್ಕೆ ಇಳಿಯುತ್ತದೆ. ಪಕ್ಷ ಎಲ್ಲೂ ಹೋಗಿರುವುದಿಲ್ಲ, ಹೋಗಿರುವುದು ಅದರ ಪ್ರಭಾವ. 2023ರ ಏಪ್ರಿಲ್‌ನಲ್ಲಿ ಚುನಾವಣಾ ಆಯೋಗ ಸಿಪಿಐ, ಎನ್‌ಸಿಪಿ, ತೃಣಮೂಲ ಕಾಂಗ್ರೆಸ್‌ಗಳ ರಾಷ್ಟ್ರೀಯ ಪಕ್ಷದ ಮಾನ್ಯತೆ ತೆಗೆದಾಗ ಹೋದದ್ದು ಒಂದು ದರ್ಜೆ ಮಾತ್ರ. ತೃಣಮೂಲ ಆಗಲೂ ಪಶ್ಚಿಮ ಬಂಗಾಳ ಆಳುತ್ತಲೇ ಇತ್ತು.

ಭಾರವಾದದ್ದು ದೇಶಗಳದ್ದು. ಇಲ್ಲಿ ಆ ಪದ ಒಂದು ಬೀಗದ ಕೈ. ಅಣ್ವಸ್ತ್ರ ಬಳಕೆ ಕಾನೂನಿಗೆ ಒಪ್ಪುತ್ತದೆಯೇ ಎಂಬ ಪ್ರಶ್ನೆಗೆ ಅದೇ ಅಂತರರಾಷ್ಟ್ರೀಯ ನ್ಯಾಯಾಲಯ 1996ರಲ್ಲಿ ಉತ್ತರ ಕೊಟ್ಟಿತು. ಸಾಮಾನ್ಯವಾಗಿ ಒಪ್ಪುವುದಿಲ್ಲ ಅಂದಿತು. ಆದರೆ ದೇಶದ ಉಳಿವೇ ಪಣಕ್ಕಿದ್ದು, ಆತ್ಮರಕ್ಷಣೆಗೆ ಬೇರೆ ದಾರಿ ಕಾಣದ ತುರ್ತಿನಲ್ಲಿ ಸರಿಯೋ ತಪ್ಪೋ ಖಚಿತವಾಗಿ ಹೇಳಲಾರೆವು ಎಂದು ಸೇರಿಸಿತು. ಬೇರೆಲ್ಲೂ ತೆರೆಯದ ಬಾಗಿಲು ಆ ಒಂದು ಕಡೆ ಪೂರ್ತಿ ಮುಚ್ಚದೆ ಉಳಿಯಿತು.

ರಷ್ಯಾದ ಅಣ್ವಸ್ತ್ರ ನೀತಿಯನ್ನು ಓದುವವರು ಈ ಪದವನ್ನೇ ಹುಡುಕುತ್ತಾರೆ. ಮಾಮೂಲಿ ಶಸ್ತ್ರಗಳ ದಾಳಿಯಾದರೂ ‘ರಾಷ್ಟ್ರದ ಅಸ್ತಿತ್ವಕ್ಕೇ ಅಪಾಯ’ ಬಂದರೆ ಅಣ್ವಸ್ತ್ರ ಬಳಸಬಹುದು ಎಂದು 2020ರ ಅಧಿಕೃತ ದಾಖಲೆಯಲ್ಲಿ ಇತ್ತು. 2024ರ ನವೆಂಬರ್‌ನಲ್ಲಿ ಅದನ್ನು ತಿದ್ದಿದರು. ಆ ಜಾಗಕ್ಕೆ ಸಾರ್ವಭೌಮತ್ವಕ್ಕೆ ಅಥವಾ ಗಡಿಯ ಅಖಂಡತೆಗೆ ‘ಗಂಭೀರ ಅಪಾಯ’ ಎಂಬ ಮಾತು ಬಂತು. ಒಂದು ದೇಶ ಇಲ್ಲವಾಗುವುದು ಅಪರೂಪ. ಗಡಿಗೆ ಅಪಾಯ ಬಂತು ಅನ್ನುವುದು ಅಷ್ಟು ಅಪರೂಪ ಅಲ್ಲ. ಹೊಸ್ತಿಲು ತಗ್ಗಿತು ಎಂದು ಓದಿದವರು ಹೇಳಿದ್ದು ಅದಕ್ಕೆ.

ನೆಲ ಹೋದರೂ ಇರಬಹುದೇ?

ಈ ಪದಕ್ಕೆ ಈಗ ಹೊಸ ಪರೀಕ್ಷೆ ಬಂದಿರುವುದು ಪೆಸಿಫಿಕ್ ಸಾಗರದಲ್ಲಿ. ಟುವಾಲು ಒಂಬತ್ತು ಹವಳದ ದ್ವೀಪಗಳ ದೇಶ. ಜನ ಸುಮಾರು 11,000. ನೆಲ ಹೆಚ್ಚಿನ ಕಡೆ ಸಮುದ್ರಕ್ಕಿಂತ ಎರಡು ಮೂರು ಮೀಟರ್ ಎತ್ತರ ಅಷ್ಟೇ, ಸಮುದ್ರ ಮಾತ್ರ ಏರುತ್ತಲೇ ಇದೆ. ಮಾಂಟೆವಿಡಿಯೊದ ನಾಲ್ಕರಲ್ಲಿ ‘ಗೊತ್ತಾದ ನೆಲ’ ಮುಳುಗಿಹೋದರೆ? 2023ರಲ್ಲಿ ಅವರು ಸಂವಿಧಾನ ತಿದ್ದಿಕೊಂಡರು. ಹವಾಮಾನ ಬದಲಾವಣೆಯಿಂದ ನೆಲ ಹೋದರೂ ಟುವಾಲು ದೇಶ ಎಂದೆಂದಿಗೂ ಇರುತ್ತದೆ ಎಂದು ಬರೆದುಕೊಂಡರು. ನೆಲದ ಮೇಲೆ ಇರಲಾಗದ ದಿನ ಬಂದರೆ ಕಾಗದದ ಮೇಲಾದರೂ ಇರಲಿ ಎಂದು ಮೊದಲೇ ಮಾಡಿಟ್ಟ ವ್ಯವಸ್ಥೆ. ಆಸ್ಟ್ರೇಲಿಯಾ ಅವರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಇದನ್ನು ಒಪ್ಪಿತು, ಅಂದರೆ ಬೇರೆಯವರ ಒಪ್ಪಿಗೆಯಲ್ಲೂ ಒಂದು ಜಾಗ ಸಿಕ್ಕಿತು.

2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಹವಾಮಾನ ಬದಲಾವಣೆಯ ಬಗ್ಗೆ ತನ್ನ ಅಭಿಪ್ರಾಯ ಓದಿತು. ದ್ವೀಪದೇಶಗಳವರು ಕಿವಿಗೊಟ್ಟು ಕಾದಿದ್ದ ವಾಕ್ಯ ಅದರಲ್ಲಿ ಒಂದಿತ್ತು. ಒಮ್ಮೆ ದೇಶವಾಗಿ ನಿಂತ ಮೇಲೆ, ಅದಕ್ಕೆ ಬೇಕಾದ ಅಂಶಗಳಲ್ಲಿ ಒಂದು ಹೋದರೆ ದೇಶವೂ ಹೋಗಲೇಬೇಕು ಎಂದೇನಿಲ್ಲ. ಇರುತ್ತದೆ ಎಂದು ನ್ಯಾಯಾಲಯ ಹೇಳಲಿಲ್ಲ. ಇರುವುದಿಲ್ಲ ಎಂದೂ ಹೇಳಲಿಲ್ಲ.